ಜಾಲಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಪಟ್ಟಿ ಮೂಡುವ ಬಗೆ: ಶ್ರೇಣೀಕೃತ ದತ್ತಾಂಶ ಮತ್ತು ರಿಕರ್ಸಿವ್ ಫಂಕ್ಷನ್

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ, ಪಹಣಿ ಮುಂತಾದವುಗಳಿಗಾಗಿ ಆನ್‌ಲೈನ್ ಸೇವೆಯನ್ನು ಬಳಸುವ ಅರ್ಜಿದಾರರು ಮೊಟ್ಟಮೊದಲು ತಮ್ಮ ಸ್ಥಳವನ್ನು ಆಯ್ಕೆ ಮಾಡಬೇಕಾಗುತ್ತದೆ. ಜಿಲ್ಲೆಯನ್ನು ಆರಿಸಿದೊಡನೆ ಅದರ ತಾಲ್ಲೂಕುಗಳು, ತಾಲ್ಲೂಕನ್ನು ಆರಿಸಿದೊಡನೆ ಹೋಬಳಿಗಳು, ಅನಂತರ ಗ್ರಾಮಗಳು ಒಂದರ ಹಿಂದೆ ಒಂದರಂತೆ ತೆರೆದುಕೊಳ್ಳುತ್ತವೆ. ಇದು ಕೇವಲ ವಿಳಾಸವನ್ನು ಭರ್ತಿ ಮಾಡುವ ಕ್ರಮವಲ್ಲ. ಅರ್ಜಿಯು ಯಾವ ನಾಡಕಚೇರಿಗೆ ರವಾನೆಯಾಗುತ್ತದೆ, ಯಾವ ಅಧಿಕಾರಿಯ ಮುಂದೆ ಪರಿಶೀಲನೆಗೆ ಬರುತ್ತದೆ ಎಂಬುದು ಈ ಆಯ್ಕೆಯಿಂದಲೇ ನಿರ್ಧಾರವಾಗುತ್ತದೆ. ಸ್ಥಳವನ್ನು ತಪ್ಪಾಗಿ ಆರಿಸಿದ ಅರ್ಜಿಯು ಸಂಬಂಧಪಡದ ಕಚೇರಿಯನ್ನು ಸೇರಿ, ತಿರಸ್ಕೃತವಾಗಿ, ಅರ್ಜಿದಾರರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವ ಸಂದರ್ಭಗಳುಂಟು. ಶಾಲಾ ಪ್ರವೇಶ ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿರುವಾಗ ಈ ವಿಳಂಬ ಸಣ್ಣದಲ್ಲ.

ಸದರಿ ಪಟ್ಟಿಗಳನ್ನು ಸಿದ್ಧಪಡಿಸುವ ಸಾಮಾನ್ಯ ವಿಧಾನವನ್ನು, ಹಾಗೂ ಕೆಲವೊಮ್ಮೆ ಇರುವ ಗ್ರಾಮವೇ ಪಟ್ಟಿಯಲ್ಲಿ ಕಾಣದಿರುವುದಕ್ಕೆ ಕಾರಣವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಗ್ರಾಮ ಪಂಚಾಯಿತಿ, ಸಹಕಾರ ಸಂಘ ಅಥವಾ ಶಾಲೆಗಳಿಗಾಗಿ ಇಂತಹ ಪುಟಗಳನ್ನು ರಚಿಸುತ್ತಿರುವವರಿಗೂ ಇದು ಉಪಯುಕ್ತವಾಗಬಹುದು.

ದತ್ತಾಂಶದ ರಚನೆ

ಕರ್ನಾಟಕದಲ್ಲಿ 31 ಜಿಲ್ಲೆಗಳಿದ್ದು, ಗ್ರಾಮಗಳ ಸಂಖ್ಯೆ 2011ರ ಜನಗಣತಿಯಂತೆ 29,000ಕ್ಕೂ ಹೆಚ್ಚು. ಇವೆಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಇರಿಸುವುದು ಸಾಧ್ಯ. ಪ್ರತಿ ಸ್ಥಳಕ್ಕೂ ಒಂದು ಸಾಲು. ಪ್ರತಿ ಸಾಲಿನಲ್ಲಿ ಮೂರು ಅಂಕಣಗಳು: ಆ ಸ್ಥಳದ ಸಂಕೇತ, ಅದರ ಹೆಸರು ಮತ್ತು ಅದು ಯಾವುದರ ಅಡಿಯಲ್ಲಿ ಬರುತ್ತದೆಯೋ ಆ ಸ್ಥಳದ ಸಂಕೇತ. ಕೆಳಕಂಡ ಸಂಕೇತಗಳು ಉದಾಹರಣೆಗಾಗಿ ಮಾತ್ರ ನೀಡಿದವು.

1 – ಕರ್ನಾಟಕ – ಮೇಲಿನ ಸಂಕೇತ ಇಲ್ಲ
20 – ವಿಜಯನಗರ ಜಿಲ್ಲೆ – 1
21 – ಹಾಸನ ಜಿಲ್ಲೆ – 1
301 – ಹರಪನಹಳ್ಳಿ ತಾಲ್ಲೂಕು – 20
302 – ಅರಸೀಕೆರೆ ತಾಲ್ಲೂಕು – 21
4011 – ಅರಸೀಕೆರೆ ಹೋಬಳಿ – 301
50117 – ಉಚ್ಚಂಗಿದುರ್ಗ ಗ್ರಾಮ – 4011

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಉಚ್ಚಂಗಿದುರ್ಗದ ಸಾಲಿನಲ್ಲಿ ವಿಜಯನಗರ ಜಿಲ್ಲೆಯ ಹೆಸರಾಗಲಿ ಹರಪನಹಳ್ಳಿಯ ಹೆಸರಾಗಲಿ ಎಲ್ಲಿಯೂ ಇಲ್ಲ. ಅದಕ್ಕೆ ಗೊತ್ತಿರುವುದು ತನ್ನ ನೇರ ಮೇಲಿನ ಹೋಬಳಿ ಮಾತ್ರ. ಹೋಬಳಿಗೆ ಗೊತ್ತಿರುವುದು ತಾಲ್ಲೂಕು ಮಾತ್ರ. ಪ್ರತಿಯೊಂದು ಸಾಲೂ ಒಂದೇ ಒಂದು ಮೆಟ್ಟಿಲನ್ನು ಬಲ್ಲದು. ಇಡೀ ಏಣಿಯನ್ನು ಯಾವ ಸಾಲೂ ಅರಿಯದು. ಈ ವ್ಯವಸ್ಥೆಯ ಅನುಕೂಲವೂ ಅಪಾಯವೂ ಇದರಲ್ಲಿಯೇ ಅಡಗಿವೆ.

ಹೆಸರಿಗೆ ಬದಲಾಗಿ ಸಂಕೇತವನ್ನು ಬಳಸುವುದಕ್ಕೂ ಕಾರಣವಿದೆ. ಮೇಲಿನ ಉದಾಹರಣೆಯಲ್ಲಿಯೇ ಅರಸೀಕೆರೆ ಎರಡು ಬಾರಿ ಬಂದಿದೆ. ಒಂದು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರ. ಮತ್ತೊಂದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ. ಇನ್ನು ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಗ್ರಾಮಗಳಂತೂ ರಾಜ್ಯದ ಉದ್ದಗಲಕ್ಕೂ ಇವೆ. ಹೆಸರು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿದಂತೆ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ರಾಮನಗರ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡಿತು. ಇಂತಹ ಸಂದರ್ಭಗಳಲ್ಲಿ ಹೆಸರಿನ ಅಂಕಣವನ್ನು ಮಾತ್ರ ತಿದ್ದಿದರೆ ಸಾಕು, ಸಂಕೇತವು ಹಾಗೆಯೇ ಉಳಿಯುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ನಿರ್ವಹಿಸುವ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ದೇಶದ ಪ್ರತಿ ಜಿಲ್ಲೆ, ಉಪಜಿಲ್ಲೆ, ಗ್ರಾಮ ಮತ್ತು ಸ್ಥಳೀಯ ಸಂಸ್ಥೆಗೆ ಸಂಕೇತ ನೀಡಿರುವುದು ಈ ಉದ್ದೇಶದಿಂದಲೇ.

ತನ್ನನ್ನು ತಾನೇ ಕರೆಯುವ ಫಂಕ್ಷನ್

ಮೇಲ್ಕಂಡ ಕೋಷ್ಟಕದಿಂದ ಮೇಲು ಕೆಳಗಿನ ಕ್ರಮವುಳ್ಳ ಪಟ್ಟಿಯನ್ನು ಪಡೆಯುವ ಕೆಲಸವನ್ನು ರಿಕರ್ಸಿವ್ ಫಂಕ್ಷನ್, ಅಂದರೆ ತನ್ನನ್ನು ತಾನೇ ಮತ್ತೆ ಕರೆದುಕೊಳ್ಳುವ ಫಂಕ್ಷನ್, ನಿರ್ವಹಿಸುತ್ತದೆ. ಈ ಮಾತು ಕೇಳಲು ವಿಚಿತ್ರವೆನಿಸಿದರೂ ಕ್ರಮವು ಹಳ್ಳಿಗಳಿಗೆ ಹೊಸದೇನಲ್ಲ. ವಂಶವೃಕ್ಷವನ್ನು ಬರೆಯುವ ಬಗೆಯನ್ನು ನೆನೆಯಬಹುದು. ಮೂಲ ಪುರುಷನ ಹೆಸರನ್ನು ಬರೆದು, ಆತನ ಮಕ್ಕಳು ಯಾರು ಎಂದು ವಿಚಾರಿಸಲಾಗುತ್ತದೆ. ಮೊದಲ ಮಗನ ಹೆಸರನ್ನು ಬರೆದ ಮೇಲೆ, ಎರಡನೆಯವನಿಗೆ ಹೋಗುವ ಮುನ್ನ, ಮೊದಲನೆಯವನ ಮಕ್ಕಳು ಯಾರು ಎಂದು ಅದೇ ಪ್ರಶ್ನೆಯನ್ನು ಕೇಳಲಾಗುತ್ತದೆ. ಮಕ್ಕಳಿಲ್ಲದ ಕಡೆ ಆ ಕವಲು ನಿಲ್ಲುತ್ತದೆ. ಬರೆಯುವವರು ಹಿಂದಕ್ಕೆ ಬಂದು ಬಿಟ್ಟ ಸ್ಥಳದಿಂದ ಮುಂದುವರಿಯುತ್ತಾರೆ. ಎಷ್ಟು ತಲೆಮಾರು ಎಂಬುದು ಮೊದಲೇ ತಿಳಿದಿರಬೇಕಾಗಿಲ್ಲ. ಪ್ರಶ್ನೆ ಒಂದೇ, ಅದನ್ನು ಕೇಳುವ ವ್ಯಕ್ತಿ ಮಾತ್ರ ಬದಲು.

ಪಿಎಚ್‌ಪಿ, ಜಾವಾ, ಪೈಥಾನ್ ಮುಂತಾದ ಯಾವುದೇ ಭಾಷೆಯಲ್ಲಿ ಬರೆದರೂ ಸದರಿ ಫಂಕ್ಷನ್‌ನ ತಿರುಳು ಕೆಳಕಂಡಂತಿರುತ್ತದೆ.

ಫಂಕ್ಷನ್ ತೋರಿಸು (ಸಂಕೇತ, ಮಟ್ಟ)
– ಮೇಲಿನ ಸಂಕೇತವು ಇದೇ ಸಂಕೇತವಾಗಿರುವ ಎಲ್ಲ ಸಾಲುಗಳನ್ನು ಹೆಸರಿನ ಅಕಾರಾದಿಯಲ್ಲಿ ತೆಗೆದುಕೊ
– ಪ್ರತಿ ಸಾಲಿಗೂ: ಮಟ್ಟಕ್ಕೆ ತಕ್ಕಷ್ಟು ಜಾಗ ಬಿಟ್ಟು ಹೆಸರನ್ನು ಬರೆ
– ಅನಂತರ ಅದೇ ಸಾಲಿಗಾಗಿ: ತೋರಿಸು (ಆ ಸಾಲಿನ ಸಂಕೇತ, ಮಟ್ಟ + 1)
– ಸಾಲುಗಳು ಮುಗಿದಾಗ ಹಿಂತಿರುಗು

ಕರ್ನಾಟಕದ ಸಂಕೇತವಾದ 1ನ್ನು ಕೊಟ್ಟು ಇದನ್ನು ಆರಂಭಿಸಿದಾಗ ಮೊದಲು ವಿಜಯನಗರ ಜಿಲ್ಲೆ ಮೂಡುತ್ತದೆ. ಹಾಸನಕ್ಕೆ ಹೋಗುವ ಮುನ್ನ ಫಂಕ್ಷನ್ 20ರ ಕೆಳಗೆ ಇಳಿದು ಹರಪನಹಳ್ಳಿಯನ್ನು, 301ರ ಕೆಳಗೆ ಅರಸೀಕೆರೆ ಹೋಬಳಿಯನ್ನು, 4011ರ ಕೆಳಗೆ ಉಚ್ಚಂಗಿದುರ್ಗವನ್ನು ಬರೆಯುತ್ತದೆ. 50117ರ ಕೆಳಗೆ ಯಾವ ಸಾಲೂ ಇಲ್ಲ. ಆದ್ದರಿಂದ ಹಿಂತಿರುಗುತ್ತ, ಪ್ರತಿ ಮಟ್ಟದಲ್ಲಿಯೂ ಉಳಿದಿರುವುದೇನಾದರೂ ಇದೆಯೇ ಎಂದು ನೋಡಿ, ಕೊನೆಗೆ ಜಿಲ್ಲೆಗಳ ಮಟ್ಟವನ್ನು ತಲುಪಿ, ಹಾಸನವನ್ನೂ ಅದರ ಅರಸೀಕೆರೆ ತಾಲ್ಲೂಕನ್ನೂ ಬರೆಯುತ್ತದೆ. ಎರಡು ಅರಸೀಕೆರೆಗಳು ತಮ್ಮ ತಮ್ಮ ಕವಲಿನಲ್ಲಿ, ತಮ್ಮ ತಮ್ಮ ಮಟ್ಟದಲ್ಲಿ ಬೇರೆಯಾಗಿಯೇ ಕಾಣುತ್ತವೆ.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ನಾಲ್ಕೇ ಮಟ್ಟಗಳಿದ್ದರೆ ಒಂದರೊಳಗೊಂದು ನಾಲ್ಕು ಲೂಪ್‌ಗಳನ್ನು ಬರೆದು ಮುಗಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಬರೆಯಬಹುದು, ಅನೇಕ ಪುಟಗಳು ಹಾಗೆಯೇ ಇವೆ. ಆದರೆ ಎಲ್ಲ ಕವಲುಗಳ ಆಳ ಒಂದೇ ಅಲ್ಲ. ನಗರ ಪ್ರದೇಶದಲ್ಲಿ ಗ್ರಾಮದ ಬದಲು ವಾರ್ಡ್ ಬರುತ್ತದೆ. ಸೇವೆಗಳ ಪಟ್ಟಿಯಲ್ಲಿ ಕೆಲವು ಇಲಾಖೆಗಳ ಅಡಿಯಲ್ಲಿ ಸೇವೆ ನೇರವಾಗಿ ಸಿಗುತ್ತದೆ, ಕೆಲವುಗಳಲ್ಲಿ ನಿರ್ದೇಶನಾಲಯ, ಯೋಜನೆ, ಉಪಯೋಜನೆಗಳನ್ನು ದಾಟಿ ಹೋಗಬೇಕು. ಜಮೀನಿನ ಸರ್ವೆ ನಂಬರು ಇನ್ನೂ ಒಳ್ಳೆಯ ಉದಾಹರಣೆ. ಅಣ್ಣತಮ್ಮಂದಿರ ನಡುವೆ ವಿಭಾಗವಾದಾಗ ಹಿಸ್ಸಾಗಳು ಹುಟ್ಟುತ್ತವೆ. ಅವರ ಮಕ್ಕಳ ಕಾಲಕ್ಕೆ ಆ ಹಿಸ್ಸಾ ಮತ್ತೆ ಒಡೆಯುತ್ತದೆ. ಇದು ಎಷ್ಟು ಆಳಕ್ಕೆ ಹೋದೀತು ಎಂದು ಕೋಷ್ಟಕವನ್ನು ರಚಿಸುವ ದಿನ ಯಾರೂ ಹೇಳಲಾರರು. ಲೂಪ್‌ಗಳ ಸಂಖ್ಯೆಯನ್ನು ಮೊದಲೇ ನಿಗದಿಪಡಿಸಿದ ಪುಟವು ಐದನೆಯ ಮಟ್ಟ ಬಂದ ದಿನ ಅದನ್ನು ಮೌನವಾಗಿ ಮರೆಮಾಚುತ್ತದೆ. ರಿಕರ್ಸಿವ್ ಫಂಕ್ಷನ್‌ಗೆ ಆ ತೊಡಕಿಲ್ಲ.

ಒಂದು ತಾಲ್ಲೂಕು, ನಾಲ್ಕು ಬಾರಿ ಬರೆದ ಜಿಲ್ಲೆ

ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳು ಅದಕ್ಕೆ ಸೇರಿದವು. ಪ್ರತಿ ಗ್ರಾಮದ ಸಾಲಿನಲ್ಲಿಯೂ ಜಿಲ್ಲೆಯ ಹೆಸರನ್ನು ಬರೆದಿಟ್ಟ ಕೋಷ್ಟಕವಾಗಿದ್ದರೆ ಅಷ್ಟೂ ಗ್ರಾಮಗಳ ಸಾಲುಗಳನ್ನು ತಿದ್ದಬೇಕಾಗುತ್ತಿತ್ತು. ಒಂದೆರಡು ಉಳಿದುಹೋದರೆ ಆ ಊರಿನವರ ಅರ್ಜಿಗಳು ಹಳೆಯ ಜಿಲ್ಲೆಗೇ ಹೋಗುತ್ತಿದ್ದವು. ಮೇಲಿನ ಸಂಕೇತದ ಪದ್ಧತಿಯಲ್ಲಿ ಹೊಸ ಜಿಲ್ಲೆಗೆ ಒಂದು ಸಾಲನ್ನು ಸೇರಿಸಿ, ಆರು ತಾಲ್ಲೂಕುಗಳ ಸಾಲುಗಳಲ್ಲಿ ಮೇಲಿನ ಸಂಕೇತವನ್ನು ಬದಲಿಸಿದರೆ ಮುಗಿಯಿತು. ಒಟ್ಟು ಏಳು ಸಾಲುಗಳು. ಹೋಬಳಿಗಳನ್ನಾಗಲಿ ಗ್ರಾಮಗಳನ್ನಾಗಲಿ ಮುಟ್ಟಬೇಕಾಗಿಲ್ಲ. ಮರುಕ್ಷಣವೇ ಫಂಕ್ಷನ್ ಅವೆಲ್ಲವನ್ನೂ ಹೊಸ ಜಿಲ್ಲೆಯ ಅಡಿಯಲ್ಲಿ ತೋರಿಸುತ್ತದೆ.

ಹರಪನಹಳ್ಳಿಯ ವಿಷಯದಲ್ಲಿ ಇದಿಷ್ಟೇ ಸಾಲದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯು ಬಳ್ಳಾರಿ ಸೇರಿದಂತೆ ಅಂದಿನ ಹೈದರಾಬಾದ್ ಕರ್ನಾಟಕದ, ಇಂದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ಕಲ್ಪಿಸಿದಾಗ, ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಆರಂಭದಲ್ಲಿ ಹೊರಗುಳಿಯಿತು. ಆ ಸೌಲಭ್ಯಕ್ಕಾಗಿ ಜನರು ಒತ್ತಾಯಿಸಿದ ಮೇಲೆ ತಾಲ್ಲೂಕು ಪುನಃ ಬಳ್ಳಾರಿಗೆ ಸೇರಿತು. ಅಲ್ಲಿಂದ 2021ರಲ್ಲಿ ವಿಜಯನಗರಕ್ಕೆ. ಕಾಲು ಶತಮಾನದ ಅವಧಿಯಲ್ಲಿ ಊರುಗಳು ಇದ್ದಲ್ಲಿಯೇ ಇದ್ದವು, ಜಿಲ್ಲೆಯ ಅಂಕಣದಲ್ಲಿ ಮಾತ್ರ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ವಿಜಯನಗರ ಎಂದು ನಾಲ್ಕು ಬಾರಿ ಬರೆಯಬೇಕಾಯಿತು.

ಆದ್ದರಿಂದ ಉಚ್ಚಂಗಿದುರ್ಗದ ಒಂದೇ ಮನೆಯಲ್ಲಿ ತಂದೆಯ ದಾಖಲೆಯಲ್ಲಿ ಬಳ್ಳಾರಿ, ಮಗಳ ದಾಖಲೆಯಲ್ಲಿ ದಾವಣಗೆರೆ, ಮೊಮ್ಮಗುವಿನ ದಾಖಲೆಯಲ್ಲಿ ವಿಜಯನಗರ ಎಂದು ಇರುವುದು ಸಾಧ್ಯ, ಮತ್ತು ಮೂರೂ ಸರಿ. ಮೇಲಿನ ಸಂಕೇತವನ್ನು ಅಳಿಸಿ ಹೊಸದನ್ನು ಬರೆದುಬಿಟ್ಟ ಕೋಷ್ಟಕಕ್ಕೆ ಇದು ಅರ್ಥವಾಗುವುದಿಲ್ಲ. ಅದರ ಪ್ರಕಾರ ಹರಪನಹಳ್ಳಿ ಎಂದೆಂದೂ ವಿಜಯನಗರದಲ್ಲಿಯೇ ಇತ್ತು. ಉತ್ತಮ ಕ್ರಮವೆಂದರೆ ಮೇಲು ಕೆಳಗಿನ ಸಂಬಂಧವನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟು, ಪ್ರತಿ ಸಂಬಂಧಕ್ಕೂ ಆರಂಭ ದಿನಾಂಕ ಮತ್ತು ಅಂತ್ಯ ದಿನಾಂಕಗಳನ್ನು ನಮೂದಿಸುವುದು. ಫಂಕ್ಷನ್‌ಗೆ ಸಂಕೇತ ಮತ್ತು ಮಟ್ಟದ ಜೊತೆಗೆ ಒಂದು ದಿನಾಂಕವನ್ನೂ ಕೊಟ್ಟಾಗ, ಆ ದಿನ ಇದ್ದ ಜಿಲ್ಲೆಗಳ ಚಿತ್ರವನ್ನೇ ಅದು ಬಿಡಿಸುತ್ತದೆ. ಕೆಲಸ ಹೆಚ್ಚು, ನಿಜ. ಆದರೆ ಹಳೆಯ ದಾಖಲೆಯಲ್ಲಿ ಬೇರೆ ಜಿಲ್ಲೆ ಇದೆ ಎಂಬ ಒಂದೇ ಕಾರಣಕ್ಕೆ ವಾಸಸ್ಥಳದ ಅರ್ಜಿಯೊಂದು ಸಂಶಯಕ್ಕೆ ಒಳಗಾಗುವುದನ್ನು ತಪ್ಪಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಪಟ್ಟಿಯಲ್ಲಿನ ಸ್ಥಾನವು ಯಾರಿಗೂ ಹಕ್ಕನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಹಕ್ಕು ಬರುವುದು ಕಾನೂನು ಮತ್ತು ಅಧಿಸೂಚನೆಗಳಿಂದ. ಪಟ್ಟಿಯು ಅವುಗಳನ್ನು ಹಿಂಬಾಲಿಸತಕ್ಕದ್ದು.

ಗ್ರಾಮವು ಕಾಣೆಯಾಗುವ ಬಗೆ

ಒಂದು ಗ್ರಾಮದ ಮೇಲಿನ ಸಂಕೇತ 4011 ಎಂದಿರಬೇಕಾದ ಕಡೆ 4101 ಎಂದು ಬೆರಳಚ್ಚಾಗಿದೆ, ಹಾಗೂ 4101 ಎಂಬ ಸಂಕೇತವೇ ಇಲ್ಲ ಎಂದು ಭಾವಿಸೋಣ. ಗ್ರಾಮವು ಕೋಷ್ಟಕದಲ್ಲಿ ಇದೆ, ಎಣಿಕೆಯಲ್ಲಿಯೂ ಬರುತ್ತದೆ. ಆದರೆ ಮೇಲಿನಿಂದ ಇಳಿದು ಬರುವ ಫಂಕ್ಷನ್ 4101ನ್ನು ಎಂದೂ ತಲುಪುವುದಿಲ್ಲವಾದ್ದರಿಂದ ಆ ಗ್ರಾಮ ಪುಟದಲ್ಲಿ ಎಂದೂ ಮೂಡುವುದಿಲ್ಲ. ಯಾವ ದೋಷ ಸಂದೇಶವೂ ಬರುವುದಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ ಊರಿನ ಹೆಸರು ಕಂಪ್ಯೂಟರಿನಲ್ಲಿದೆ ಎಂಬ ಉತ್ತರ, ಮನೆಯಲ್ಲಿ ನೋಡಿದರೆ ಇಲ್ಲ; ಎರಡೂ ಸತ್ಯ. ಇದನ್ನು ಹಿಡಿಯುವ ಉಪಾಯ ಸರಳ. ಫಂಕ್ಷನ್ ತೋರಿಸಿದ ಸಾಲುಗಳನ್ನು ಎಣಿಸಿ ಕೋಷ್ಟಕದ ಒಟ್ಟು ಸಾಲುಗಳೊಂದಿಗೆ ಹೋಲಿಸಬೇಕು. ವ್ಯತ್ಯಾಸವಿದ್ದಷ್ಟೂ ಊರುಗಳು ಕಳೆದುಹೋಗಿವೆ. ಇಲ್ಲದ ಮೇಲಿನ ಸಂಕೇತವನ್ನು ದತ್ತಸಂಚಯವೇ ಸ್ವೀಕರಿಸದಂತೆ ನಿರ್ಬಂಧಿಸುವುದು ಇನ್ನೂ ಮೇಲು. 4101 ಎಂಬುದು ಬೇರೆ ಹೋಬಳಿಯ ಸಂಕೇತವೇ ಆಗಿಬಿಟ್ಟಿದ್ದರೆ ಎರಡೂ ಉಪಾಯ ಸೋಲುತ್ತವೆ; ಆಗ ಊರಿನವರ ಕಣ್ಣೇ ಪರೀಕ್ಷೆ.

ಇನ್ನೊಂದು ದೋಷ ಇದಕ್ಕೆ ತದ್ವಿರುದ್ಧ. ಹೋಬಳಿಯ ಮೇಲಿನ ಸಂಕೇತವಾಗಿ ಅದರದೇ ಗ್ರಾಮದ ಸಂಕೇತವನ್ನು ಬರೆದರೆ, ಆ ಗ್ರಾಮದಿಂದ ತಾಲ್ಲೂಕನ್ನು ಹುಡುಕುತ್ತ ಮೇಲೆ ಹತ್ತುವ ಫಂಕ್ಷನ್ ಗ್ರಾಮದಿಂದ ಹೋಬಳಿಗೆ, ಹೋಬಳಿಯಿಂದ ಗ್ರಾಮಕ್ಕೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಸ್ಮರಣೆಯ ಮಿತಿ ಮುಗಿದು ಪುಟ ಸ್ಥಗಿತಗೊಳ್ಳುತ್ತದೆ. ಹಾದುಬಂದ ಸಂಕೇತಗಳನ್ನು ನೆನಪಿಟ್ಟು, ಒಮ್ಮೆ ಕಂಡದ್ದು ಮತ್ತೆ ಕಂಡರೆ ನಿಲ್ಲುವಂತೆ ಬರೆಯುವುದು ಅಗತ್ಯ.

ಪಿಎಚ್‌ಪಿಯನ್ನು ಹೊಸದಾಗಿ ಕಲಿತವರಲ್ಲಿ ಕಂಡುಬರುವ ದೋಷವೂ ಒಂದಿದೆ. ದತ್ತಸಂಚಯದಿಂದ ಬಂದ ಸಾಲುಗಳನ್ನು ಗ್ಲೋಬಲ್ ಚರದಲ್ಲಿ ಇರಿಸಿದರೆ, ಒಳಗಿನ ಕರೆಯು ಹೊರಗಿನ ಕರೆಯ ಸಾಲುಗಳ ಮೇಲೆಯೇ ತನ್ನದನ್ನು ಬರೆಯುತ್ತದೆ. ಮೊದಲ ಜಿಲ್ಲೆಯ ಮೊದಲ ತಾಲ್ಲೂಕಿನ ಮೊದಲ ಹೋಬಳಿ ಮಾತ್ರ ಕಂಡು ಉಳಿದ ರಾಜ್ಯವೆಲ್ಲ ಮಾಯವಾದರೆ ಕಾರಣ ಬಹುಮಟ್ಟಿಗೆ ಇದೇ. ಪ್ರತಿ ಕರೆಗೂ ತನ್ನದೇ ಆದ ಚರಗಳಿರತಕ್ಕದ್ದು.

ವೇಗ ಮತ್ತು ಅಕಾರಾದಿ

ಪ್ರತಿ ಸ್ಥಳಕ್ಕೂ ಅದರ ಕೆಳಗಿನವು ಯಾವುವು ಎಂದು ದತ್ತಸಂಚಯವನ್ನು ಪ್ರತ್ಯೇಕವಾಗಿ ಕೇಳಿದರೆ ಇಡೀ ರಾಜ್ಯಕ್ಕೆ 29,000ಕ್ಕೂ ಹೆಚ್ಚು ಪ್ರಶ್ನೆಗಳಾಗುತ್ತವೆ. ಎಲ್ಲ ಸಾಲುಗಳನ್ನೂ ಒಂದೇ ಪ್ರಶ್ನೆಯಲ್ಲಿ ತಂದು, ಮೇಲಿನ ಸಂಕೇತದ ಪ್ರಕಾರ ಗುಂಪು ಮಾಡಿಕೊಂಡು, ಅನಂತರ ಸ್ಮರಣೆಯಲ್ಲಿಯೇ ರಿಕರ್ಷನ್ ನಡೆಸುವುದು ವಿವೇಕ. ಈ ಕೆಲಸವನ್ನು ದತ್ತಸಂಚಯಕ್ಕೇ ವಹಿಸುವ ವಿತ್ ರಿಕರ್ಸಿವ್ ಎಂಬ ಸೌಲಭ್ಯವು 1999ರ ಎಸ್‌ಕ್ಯೂಎಲ್ ಮಾನಕದಲ್ಲಿ ಸೇರಿತು. ಪೋಸ್ಟ್‌ಗ್ರೆ ಎಸ್‌ಕ್ಯೂಎಲ್‌ನಲ್ಲಿ 2009ರ 8.4ನೇ ಆವೃತ್ತಿಯಿಂದ, ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0ನೇ ಆವೃತ್ತಿಯಿಂದ ಲಭ್ಯವಿದೆ.

ಅರ್ಜಿಯ ಪುಟಗಳಲ್ಲಿ ಸಾಮಾನ್ಯವಾಗಿ ಅನುಸರಿಸುವುದು ಮೂರನೆಯ ಮಾರ್ಗ. ಜಿಲ್ಲೆಯನ್ನು ಆರಿಸಿದ ಮೇಲೆ ಅದರ ತಾಲ್ಲೂಕುಗಳನ್ನು ಮಾತ್ರ ತರಲಾಗುತ್ತದೆ. ಸಂಪರ್ಕ ನಿಧಾನವಿರುವ ಕಡೆ ತಾಲ್ಲೂಕಿನ ಪಟ್ಟಿ ಕೆಲ ಕ್ಷಣ ಬರಿದಾಗಿ ಕಾಣುವುದು ಇದರಿಂದಲೇ. ಅರ್ಜಿದಾರರು ಪಟ್ಟಿ ತುಂಬುವವರೆಗೆ ಕಾಯುವುದು. ಜಿಲ್ಲೆಯನ್ನು ಬದಲಿಸಿದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಮತ್ತೊಮ್ಮೆ ಆರಿಸುವುದು.

ಪಟ್ಟಿಯು ಕನ್ನಡದ ಅಕಾರಾದಿಯಲ್ಲಿ ಬರಬೇಕಾದರೆ ಹೆಸರುಗಳು ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ಫಾಂಟ್ ಆಧಾರಿತ ದತ್ತಾಂಶದಲ್ಲಿ ಅಕ್ಷರಗಳ ಬದಲು ಅವುಗಳ ಆಕಾರದ ತುಣುಕುಗಳು ಶೇಖರವಾಗಿರುತ್ತವೆ. ಕಂಪ್ಯೂಟರು ಆ ತುಣುಕುಗಳ ಕ್ರಮದಲ್ಲಿ ಜೋಡಿಸುವುದರಿಂದ ಹರಪನಹಳ್ಳಿಯು ನಿರೀಕ್ಷಿಸಿದ ಸ್ಥಳದಲ್ಲಿ ಸಿಗದೇ ಹೋಗಬಹುದು. ಊರು ಕಾಣದಿದ್ದಾಗ ಪಟ್ಟಿಯನ್ನು ಕೊನೆಯವರೆಗೂ ಒಮ್ಮೆ ನೋಡುವುದು ಒಳಿತು.

ಅರ್ಜಿದಾರರ ಗಮನಕ್ಕೆ

ಒಂದು ಗ್ರಾಮಕ್ಕೆ ಎರಡು ಮೇಲ್ಮಟ್ಟಗಳಿವೆ. ಕಂದಾಯದ ಕ್ರಮದಲ್ಲಿ ಅದು ಹೋಬಳಿಯ ಅಡಿಯಲ್ಲಿ, ಪಂಚಾಯತ್ ರಾಜ್ ಕ್ರಮದಲ್ಲಿ ಗ್ರಾಮ ಪಂಚಾಯಿತಿಯ ಅಡಿಯಲ್ಲಿ ಬರುತ್ತದೆ. ಒಂದೇ ಅಂಕಣದಲ್ಲಿ ಎರಡು ಮೇಲಿನ ಸಂಕೇತಗಳನ್ನು ಬರೆಯಲಾಗದ ಕಾರಣ ಇವುಗಳನ್ನು ಎರಡು ಬೇರೆ ಮರಗಳಾಗಿಯೇ ಇರಿಸಬೇಕಾಗುತ್ತದೆ. ಪಹಣಿ, ಜಾತಿ, ಆದಾಯ ಪ್ರಮಾಣ ಪತ್ರಗಳಿಗೆ ಹೋಬಳಿಯ ಹೆಸರನ್ನೂ, ಗ್ರಾಮಠಾಣಾ ವ್ಯಾಪ್ತಿಯ ಸ್ವತ್ತಿನ ನಮೂನೆ 9 ಮತ್ತು 11ಕ್ಕೆ ಗ್ರಾಮ ಪಂಚಾಯಿತಿಯ ಹೆಸರನ್ನೂ ತಿಳಿದುಕೊಂಡು ಪುಟವನ್ನು ತೆರೆಯುವುದು. ಹೋಬಳಿ ಕೇಂದ್ರದ ಊರೂ ಪಂಚಾಯಿತಿ ಕೇಂದ್ರದ ಊರೂ ಬೇರೆ ಬೇರೆ ಆಗಿರುವುದು ಸಾಮಾನ್ಯ.

ಹೋಬಳಿಯ ಹೆಸರು ತಿಳಿಯದಿದ್ದಲ್ಲಿ ಹಳೆಯ ಪಹಣಿಯ ಮೇಲ್ಭಾಗದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಮೂರೂ ಮುದ್ರಿತವಾಗಿರುತ್ತವೆ. ಜಮೀನಿಲ್ಲದವರು ನೆರೆಯವರ ಪಹಣಿಯನ್ನು ನೋಡಬಹುದು.

ಒಂದೇ ಹೆಸರಿನ ಊರುಗಳು ಇರುವ ಕಡೆ ಅರ್ಜಿಯನ್ನು ಸಲ್ಲಿಸುವ ಮುನ್ನ ಪೂರ್ಣ ಸಾಲನ್ನು, ಅಂದರೆ ಜಿಲ್ಲೆಯಿಂದ ಗ್ರಾಮದವರೆಗೆ, ಮತ್ತೊಮ್ಮೆ ಓದತಕ್ಕದ್ದು. ಗ್ರಾಮವು ಪಟ್ಟಿಯಲ್ಲಿ ಇಲ್ಲವೇ ಇಲ್ಲವೆಂದಾದರೆ ಪಕ್ಕದ ಊರನ್ನು ಆರಿಸಿ ಅರ್ಜಿ ಸಲ್ಲಿಸಬಾರದು. ಪ್ರಮಾಣ ಪತ್ರದಲ್ಲಿ ಆ ಊರಿನ ಹೆಸರೇ ಮುದ್ರಿತವಾಗುತ್ತದೆ, ಅನಂತರದ ತಿದ್ದುಪಡಿಗೆ ಬೇರೆಯೇ ಅರ್ಜಿ ಬೇಕಾಗುತ್ತದೆ. ಬದಲಾಗಿ ಪಹಣಿ ಅಥವಾ ಪಡಿತರ ಚೀಟಿಯ ಪ್ರತಿಯೊಂದಿಗೆ ನಾಡಕಚೇರಿಯನ್ನು ಸಂಪರ್ಕಿಸಿ, ಗ್ರಾಮ ಕಾಣೆಯಾಗಿರುವುದನ್ನೂ, ಅದೇ ಹೋಬಳಿಯ ಯಾವ ಗ್ರಾಮಗಳು ಕಾಣುತ್ತಿವೆ ಎಂಬುದನ್ನೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ಎರಡನೆಯ ವಿವರವಿದ್ದರೆ ದೋಷವು ಒಂದು ಗ್ರಾಮದ ಸಾಲಿನಲ್ಲಿದೆಯೋ ಇಡೀ ಹೋಬಳಿಯ ಸಾಲಿನಲ್ಲಿದೆಯೋ ಎಂಬುದನ್ನು ಕೂಡಲೇ ಗುರುತಿಸಬಹುದು.